ಕಣ್ಣಿಗೆ ಬಿಡುವು
(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ಮುಂದೆ ಕುಳಿತವರಿಗೆ ‘ಕೈ ನಿಲ್ಲಿಸಿ, ತುಸು ಏಳಿ’ ಎಂದು ಹೊತ್ತು ಹೊತ್ತಿಗೆ ನೆನಪು ಮಾಡಿಕೊಡುವ ಸಾಫ್ಟ್‌ವೇರುಗಳಿವೆ. ಅವುಗಳಲ್ಲೊಂದನ್ನು ನಮ್ಮ ಈ ವಾಚನಾಲಯದ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಆ ಅನುಭವವನ್ನು ಇಂದು ತಮ್ಮ ಮುಂದಿಡುತ್ತಿದ್ದೇವೆ. ಎದ್ದು ನಿಲ್ಲುವುದಕ್ಕೂ ಯಂತ್ರದ ಅಪ್ಪಣೆ ಬೇಕೆ ಎಂದು ಕೆಲವರು ನಗಬಹುದು. ಮೊದಲು ನಾವೂ ನಕ್ಕವರೇ.

ಈ ಮುಂಬಯಿಯಲ್ಲಿ ನಮ್ಮವರು ಬಹುಮಂದಿ ಹಗಲೆಲ್ಲ ಬಿಲ್ಲು, ಪಾವತಿ, ಹಾಜರಿಗಳನ್ನು ಕಂಪ್ಯೂಟರಿಗೆ ತುಂಬುವವರು. ಸಂಜೆ ರೈಲಿಳಿದು ಇಲ್ಲಿಗೆ ಬಂದರೆ, ಪತ್ರಿಕೆ ಬಿಡಿಸುವ ಮೊದಲು ಕಣ್ಣುಜ್ಜಿಕೊಳ್ಳುತ್ತಾರೆ, ಮಣಿಕಟ್ಟು ಹಿಸುಕಿಕೊಳ್ಳುತ್ತಾರೆ. ಇದು ಹೊಸ ಪೀಡೆಯಲ್ಲ. ಇಟಲಿಯ ವೈದ್ಯ ರಾಮಾಜ್ಜಿನಿ 1713ರಲ್ಲಿಯೇ ಬರವಣಿಗೆಯವರ ರೋಗಗಳನ್ನು ಕುರಿತು ಬರೆದು ಮೂರು ಕಾರಣ ಕೊಟ್ಟಿದ್ದಾನೆ: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು, ಲೆಕ್ಕ ತಪ್ಪೀತೆಂದು ಮನಸ್ಸನ್ನು ಬಿಗಿಹಿಡಿದಿರುವುದು. ನಮ್ಮ ಕೆಲಸಕ್ಕೆ ಇದರಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ. ಆದರೂ ಆ ಕಾಲದ ಗುಮಾಸ್ತನಿಗೆ ಮಸಿಯಲ್ಲಿ ಲೇಖನಿ ಅದ್ದುವಾಗ, ಹಾಳೆ ಮಗುಚುವಾಗ, ಕಡತ ತರಲು ಏಳುವಾಗ ಒಂದಿಷ್ಟು ತಡೆ ತಾನಾಗಿ ಒದಗುತ್ತಿತ್ತು. ನಮಗೆ ಎಲ್ಲವೂ ಕುಳಿತಲ್ಲಿಗೇ ಬರುತ್ತದೆ. ಮೇಲಾಗಿ, ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಬಹಳ ಕಡಮೆಯಾಗುತ್ತದೆ. ಕಣ್ಣಿನ ಮೇಲಿನ ನೀರಿನ ಪೊರೆ ಆರಿ ಉರಿ ಹತ್ತುತ್ತದೆ.

ನಾವು ಹಾಕಿದ್ದು ವರ್ಕ್‌ರೇವ್ ಎಂಬುದನ್ನು. ಬೆಲೆಯಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಗೋಡೆಯ ಗಡಿಯಾರದಂತೆ ಸುಮ್ಮನೆ ಹೊತ್ತು ಎಣಿಸುವುದಿಲ್ಲ. ಕೀಲಿಮಣೆ, ಮೌಸುಗಳ ಮೇಲೆ ನಿಮ್ಮ ಕೈಯಾಡಿದ ಹೊತ್ತನ್ನು ಎಣಿಸುತ್ತದೆ. ತಿದ್ದದೆ ಬಿಟ್ಟರೆ 3 ನಿಮಿಷದ ಕೆಲಸಕ್ಕೆ 30 ಸೆಕೆಂಡು, 45 ನಿಮಿಷಕ್ಕೆ 10 ನಿಮಿಷ ಬಿಡುವು ಕೇಳುತ್ತದೆ. ದಿನಕ್ಕೆ 4 ತಾಸಾದರೆ ಸಾಕು ಎನ್ನುತ್ತದೆ. (ನಾಲ್ಕು ತಾಸಿಗೆ ಸಾಕೆನ್ನುವ ಸಾಹೇಬರನ್ನು ನಾವಂತೂ ಕಂಡಿಲ್ಲ.) ಈ ಅಂಕಿಗಳನ್ನೆಲ್ಲ ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ನೀವೇ ಚಹಾಕ್ಕೆ ಎದ್ದು ಹೋದರೆ ಅದನ್ನೂ ಬಿಡುವಿನ ಲೆಕ್ಕಕ್ಕೆ ಹಿಡಿಯುತ್ತದೆ.

ಮೊದಲ ವಾರವೇ ಪೇಚಾಯಿತು. ತರುಣನೊಬ್ಬ ನೌಕರಿಯ ಅರ್ಜಿ ತುಂಬುತ್ತಿದ್ದ. ಕೊನೆಯ ದಿನ, ಕೊನೆಯ ತಾಸು. ಬಿಡುವಿನ ಸೂಚನೆ ಪರದೆಗೆ ಅಡ್ಡ ಬಂದು ಕೀಲಿಮಣೆ ಮುಷ್ಕರ ಹೂಡಿತು. ಅರ್ಜಿ ಹೇಗೋ ಹೋಯಿತು. ಬೈಗುಳ ನಮಗೆ ಉಳಿಯಿತು. ಕೆಲಸ ತಡೆಯದೆ ಸೂಚನೆಯನ್ನಷ್ಟೇ ಕೊಡುವಂತೆ ಅಂದೇ ಅದನ್ನು ತಿದ್ದಿದೆವು. ಇನ್ನೊಂದು ತಮಾಷೆ: ಕೈಯಾಡಿಸದೆ ಪರದೆಯ ಮೇಲೆ ಓದುತ್ತ ಕುಳಿತರೆ, ನಾವು ವಿಶ್ರಮಿಸುತ್ತಿದ್ದೇವೆಂದೇ ಅದು ತಿಳಿಯುತ್ತದೆ! ಓದುವವರಿಗಾಗಿ ಬೇರೊಂದು ಏರ್ಪಾಡು ಅದರಲ್ಲಿದೆ, ಅದನ್ನು ಆರಿಸಿಕೊಳ್ಳಬೇಕು.

ಇಷ್ಟು ಸುಲಭದ ಭಾಗ. ಕಠಿಣವಾದದ್ದನ್ನು ನಮ್ಮ ಸದಸ್ಯರೊಬ್ಬರು ಹೇಳಿದರು. ತುಂಬಿದ ನಮೂನೆಯೊಂದಕ್ಕೆ ಇಷ್ಟು ಎಂದು ಅವರಿಗೆ ಸಂಬಳ. ಮನೆಗೆ ತಂದ ಕೆಲಸಕ್ಕೆ ಇದನ್ನು ಹಾಕಿಕೊಂಡು, ‘ಈ ಬಿಡುವು ಬೇಡ’ ಎಂಬ ಗುಂಡಿಯನ್ನೇ ರಾತ್ರಿಯೆಲ್ಲ ಒತ್ತಿದರಂತೆ. “ಕಣ್ಣಿಗೆ ಬಿಡುವು ಕೊಟ್ಟರೆ ಹೊಟ್ಟೆಗೆ ಕೊಡುವವರು ಯಾರು, ಸ್ವಾಮಿ?” ಎಂದರು. ನಮ್ಮಲ್ಲಿ ಆಗ ಉತ್ತರವಿರಲಿಲ್ಲ.

ಯುರೋಪಿನಲ್ಲಿ 1990ರ ನಿರ್ದೇಶವೊಂದು ಈ ಭಾರವನ್ನು ಮಾಲೀಕನ ಮೇಲೆ ಹೊರಿಸಿತು. ಪರದೆಯ ಕೆಲಸದ ನಡುವೆ ಆಗಾಗ ಬಿಡುವೋ, ಬೇರೆ ಬಗೆಯ ಕೆಲಸವೋ ಬರುವಂತೆ ಅವನೇ ಯೋಜಿಸಬೇಕು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆ ಐದು ತಾಸಿಗೆ ಮೀರದಂತೆ ದುಡಿಸಿ ಅರ್ಧ ತಾಸು ಬಿಡಬೇಕೆಂದಿತ್ತು. ಅದು ಊಟದ ಮಾತಾಯಿತು. ಕಣ್ಣಿಗೆ ಬೇಕಾದದ್ದು ಚಿಲ್ಲರೆ ಬಿಡುವು. ಆ ‘ಬೇರೆ ಬಗೆಯ ಕೆಲಸ’ ಎಂಬ ಮಾತು ನಮಗೆ ಹಿಡಿಸಿತು. ನಮ್ಮ ಸದಸ್ಯರು ಮೊದಲು ನಮೂನೆಗಳನ್ನೆಲ್ಲ ಒಮ್ಮೆಗೇ ಜೋಡಿಸಿಟ್ಟು ಆಮೇಲೆ ತುಂಬಲು ಕೂಡುತ್ತಿದ್ದರು. ಈಗ 45 ನಿಮಿಷಕ್ಕೊಮ್ಮೆ ಎದ್ದು, ನಿಂತುಕೊಂಡೇ ಮುಂದಿನ ಕಟ್ಟನ್ನು ಬಿಚ್ಚಿ ಜೋಡಿಸುತ್ತಾರೆ. ಹೇಗೂ ಮಾಡಲೇಬೇಕಾದ ಕೆಲಸವಾದ್ದರಿಂದ ಸಂಬಳಕ್ಕೆ ಧಕ್ಕೆಯಿಲ್ಲ.

ಕಚೇರಿಯ ಕಂಪ್ಯೂಟರಿನಲ್ಲಿ ಅಪ್ಪಣೆಯಿಲ್ಲದೆ ಏನನ್ನೂ ಹಾಕಬೇಡಿ. ಫೋನಿನ ಗಂಟೆ ಸಾಕು. ಕಣ್ಣಿನ ವೈದ್ಯರು ಹೇಳುವ ಲೆಕ್ಕ ಹೀಗಿದೆ: 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು. ನಮ್ಮ ಖೋಲಿಗಳಲ್ಲಿ 20 ಅಡಿ ಎಲ್ಲಿಂದ ಬರಬೇಕು! ಎದುರಿನ ಚಾಳಿನಲ್ಲಿ ಒಣಹಾಕಿದ ಬಟ್ಟೆಯನ್ನಾದರೂ ನೋಡಿರಿ. ಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುವಂತಿದ್ದರೆ ಮಾತ್ರ ಇದಾವುದನ್ನೂ ನಂಬಿ ಕೂಡದೆ ವೈದ್ಯರಲ್ಲಿಗೆ ಹೋಗಬೇಕು.

ತಾಸಿಗೆ ಐದು ನಿಮಿಷ ಪರದೆ ಬಿಟ್ಟು ಕಡತದ ಕೆಲಸ ಮಾಡಲು ಅನುಮತಿ ಬೇಡುವ ಅರ್ಜಿಯೊಂದರ ಕರಡನ್ನು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇವೆ. ಒಬ್ಬೊಬ್ಬರೇ ಒಯ್ಯದೆ, ತಮ್ಮ ವಿಭಾಗದ ಎಲ್ಲರ ಸಹಿ ಕೂಡಿಸಿ ಸಾಹೇಬರಿಗೆ ಕೊಡಿರಿ. ಕನ್ನಡ ಬಾರದ ಜೊತೆಗಾರರಿಗಾಗಿ ಮರಾಠಿ, ಇಂಗ್ಲಿಷ್ ಪ್ರತಿಗಳೂ ಅಲ್ಲಿಯೇ ಇವೆ.