ಹುದ್ದೆಯೊಳಗಿನ ಮನುಷ್ಯ

ಹುದ್ದೆಯೊಂದು ಹುಟ್ಟುವುದು ಕಾಗದದ ಮೇಲೆ. ಇಂತಿಷ್ಟು ಸಂಬಳ, ಇಂತಿಂಥ ಕರ್ತವ್ಯ ಎಂದು ಆದೇಶ ಹೊರಡುತ್ತದೆ. ಅದನ್ನು ಬರೆದವರಿಗೆ ಆ ಕುರ್ಚಿಯಲ್ಲಿ ಕೂರುವವನು ಯಾರೆಂದು ತಿಳಿದಿರುವುದಿಲ್ಲ. ಬಂದವನು ತನ್ನ ಒಲವು, ಬಲ್ಮೆ, ಸಂಕೋಚಗಳೊಡನೆಯೇ ಬರುತ್ತಾನೆ. ಹುದ್ದೆ ಅವನನ್ನು ತಿದ್ದುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಅವನೂ ಹುದ್ದೆಯನ್ನು ತಿದ್ದುತ್ತಾನೆ ಎಂಬುದರ ಕಡೆಗೆ ಶ್ರೋತೃಗಳ ಗಮನವನ್ನು ಸೆಳೆಯಬೇಕೆಂದಿದ್ದೇನೆ.

ಕನ್ನಡ ಓದಿದವರಿಗೆ ಇದಕ್ಕೆ ಹಿರಿಯ ನಿದರ್ಶನ ಬಿ. ಎಲ್. ರೈಸ್. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಈತ ಮೈಸೂರು ಸಂಸ್ಥಾನದಲ್ಲಿ ಮೊದಲು ಅಧ್ಯಾಪಕ, ಬಳಿಕ ಶಾಲೆಗಳ ಇನ್ಸ್‌ಪೆಕ್ಟರು. ಊರೂರು ಸುತ್ತಿ ಮಕ್ಕಳ ಓದುಬರಹವನ್ನು ಪರೀಕ್ಷಿಸುವುದು ಆ ಅಧಿಕಾರಿಯ ಕೆಲಸ. ರೈಸರ ಕಣ್ಣು ಶಾಲೆಯ ಹೊರಗೂ ಹರಿಯಿತು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತ ಬರೆಹದ ಕಲ್ಲುಗಳಲ್ಲಿ ನೆಟ್ಟಿತು. ೧೮೭೯ರಲ್ಲಿ ಶಾಸನಗಳ ಅನುವಾದದ ಗ್ರಂಥ ಹೊರಬಂತು. ೧೮೮೬ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳು ಮೊದಲಾದವು. ಹನ್ನೆರಡು ಸಂಪುಟ, ಒಂಬತ್ತು ಸಾವಿರದ ಸಮೀಪ ಶಾಸನ! ಗಮನಿಸಬೇಕಾದದ್ದು ಇಷ್ಟು: ಆಸಕ್ತಿ ಮೊದಲು ಬಂತು, ಪುರಾತತ್ತ್ವದ ನಿರ್ದೇಶಕ ಪದವಿ ಆಮೇಲೆ ಬಂತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳದೂ ಇಂಥದೇ ಕಥೆ. ಓಲೆಗರಿಗಳನ್ನು ಕಾಪಿಟ್ಟರೆ ಸಾಕಾಗಿದ್ದವರು ೧೯೦೯ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ಅಚ್ಚಿಗೆ ತಂದುಕೊಟ್ಟರು.

ಇವರು ವಿದ್ವಾಂಸರು, ಇವರ ಮಾತು ಬೇರೆ ಎನ್ನಬಹುದು. ಆದರೆ ಅಮೆರಿಕದ ಏಮಿ ರೆಸ್ನೆಸ್ಕಿ, ಜೇನ್ ಡಟನ್ ಎಂಬ ಇಬ್ಬರು ವಿದುಷಿಯರು ೨೦೦೧ರಲ್ಲಿ ಈ ಸಂಗತಿಗೆ ‘ಜಾಬ್ ಕ್ರಾಫ್ಟಿಂಗ್’ ಎಂದು ಹೆಸರಿಟ್ಟಾಗ ಮುಂದಿಟ್ಟುಕೊಂಡದ್ದು ಆಸ್ಪತ್ರೆಯ ಕಸ ಗುಡಿಸುವವರನ್ನು. ಒಂದೇ ಆಸ್ಪತ್ರೆ, ಒಂದೇ ಕೆಲಸ. ಕೆಲವರು ನೆಲ ಒರಸಿ ಹೊರಟುಬಿಡುವರು; ಮತ್ತೆ ಕೆಲವರು ರೋಗಿಯನ್ನು ಮಾತನಾಡಿಸುವರು, ದಾದಿಯರ ಅನುಕೂಲ ನೋಡಿ ಕೆಲಸದ ಹೊತ್ತನ್ನು ಹೊಂದಿಸಿಕೊಳ್ಳುವರು, ತಾವೂ ಗುಣಪಡಿಸುವವರಲ್ಲಿ ಒಬ್ಬರೆಂದು ಎಣಿಸುವರು. ಅವರಿಗೆ ಇದನ್ನು ಯಾರೂ ವಿಧಿಸಿರಲಿಲ್ಲ.

ಒಗ್ಗಿಸಿಕೊಂಡದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ತನಗೆ ಒಗ್ಗದೆಂದು ಛಂದಸ್ಸನ್ನು ಮುಟ್ಟದೆಯೇ ವರ್ಷ ಕಳೆಯುವ ಮೇಷ್ಟರೂ ಹುದ್ದೆಯನ್ನು ತನಗೆ ತಕ್ಕಂತೆ ಮಾಡಿಕೊಂಡವನೇ. ನಷ್ಟ ಮಾತ್ರ ಹುಡುಗರದು. ಕೆಲಸ ಯಾರಿಗಾಗಿ ಇದೆಯೋ ಅವರಿಗೆ ದಕ್ಕಿದ್ದೇನು ಎಂದು ನೋಡದೆ ಇಲ್ಲಿ ತೀರ್ಪು ಕೊಡಲಾಗದು.

ಇನ್ನೊಂದು ತೊಡಕು ಮೇಲಿನವರಿಂದ ಬರುವಂಥದು. ನಾನು ಪಾಠ ಹೇಳುತ್ತಿದ್ದ ಕಾಲೇಜೊಂದರ ಗ್ರಂಥಾಲಯದಲ್ಲಿ ಅಟೆಂಡರ್ ಒಬ್ಬರಿದ್ದರು. ಓದಿದ್ದು ಏಳನೆಯ ತರಗತಿ. ಚೀಟಿಯಲ್ಲಿ ಬರೆದ ಪುಸ್ತಕವನ್ನು ಬೀರುವಿನಿಂದ ತಂದುಕೊಡುವುದಷ್ಟೇ ಅವರ ಪಾಲಿನ ಕೆಲಸ. ಆದರೆ ಪಂಪಭಾರತ ಕೇಳಿದ ಹುಡುಗನಿಗೆ ಕೇಳದೆಯೇ ಅದರ ಗದ್ಯಾನುವಾದವನ್ನೂ ಎತ್ತಿಕೊಡುವರು. “ಹೋದ ವರ್ಷದವರು ಇದನ್ನೇ ನೋಡಿ ಪಾಸಾದರಪ್ಪ” ಎನ್ನುವರು. ಯಾವ ಹುಡುಗಿಯ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಅವರಿಗೆ ಗೊತ್ತಿತ್ತು. ಅವಳ ಪುಸ್ತಕ ಮೊದಲೇ ಮೇಜಿನ ಮೇಲಿರುತ್ತಿತ್ತು. ಇದನ್ನು ಕಂಡು ಮೆಚ್ಚಿದ ಪ್ರಿನ್ಸಿಪಾಲರು, ಒಳ್ಳೆಯ ಮನಸ್ಸಿನಿಂದಲೇ, ‘ವಿದ್ಯಾರ್ಥಿಗಳಿಗೆ ಗ್ರಂಥಸೂಚನೆ’ ಎಂಬುದನ್ನು ಅವರ ಕರ್ತವ್ಯಪಟ್ಟಿಗೆ ಸೇರಿಸಿದರು. ದಿನಕ್ಕೆ ಎಷ್ಟು ಸೂಚನೆ ಎಂದು ಬರೆಯಲು ಒಂದು ರಿಜಿಸ್ಟರೂ ಬಂತು. ಸಂಬಳ ಏರಲಿಲ್ಲ. ಕೆಲವು ತಿಂಗಳ ಮೇಲೆ ಆ ರಿಜಿಸ್ಟರನ್ನು ತೆರೆದು ನೋಡಿದೆ. ಪ್ರತಿದಿನವೂ ‘ಐದು’ ಎಂದಿತ್ತು, ಕಾಲೇಜಿಗೆ ಮುಷ್ಕರವಿದ್ದ ದಿನವೂ. ಕೌಂಟರಿನ ಆಚೆ ನಿಂತ ಹುಡುಗನಿಗೆ ಚೀಟಿಯಲ್ಲಿದ್ದ ಪುಸ್ತಕವಷ್ಟೇ ಸಿಕ್ಕಿತು.