ಮನೆಯ ಕಂಪ್ಯೂಟರಿನಲ್ಲಿ ಚಿತ್ರಕಥೆಗಳ ಭಂಡಾರ

ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ದಂಡಿಗನಹಳ್ಳಿ ಕಡೆ ಹಳೆಯ ಮನೆಗಳ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಪಹಣಿ, ಲಗ್ನಪತ್ರಿಕೆಗಳ ಕೆಳಗೆ ಕೈ ಹಾಕಿದರೆ ಬಾಲಮಂಗಳದ ಡಿಂಗ ಸಿಕ್ಕಬಹುದು, ಅಮರ ಚಿತ್ರಕಥೆ ಸಿಕ್ಕಬಹುದು. ಇಂದು ಇಂಗ್ಲಿಷಿನಲ್ಲಿ ಹೆಸರಾಗಿರುವ ಅಮರ ಚಿತ್ರಕಥೆಯ ಮೊದಲ ಹೆಜ್ಜೆ ಕನ್ನಡದ್ದು ಎಂಬುದು ಎಷ್ಟು ಜನರಿಗೆ ಗೊತ್ತು? 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಕನ್ನಡದ ಚಿತ್ರಕಥೆಗಳಾಗಿ ಹೊರತಂದರು. ಮೊದಲ ಹತ್ತು ಸಂಖ್ಯೆಗಳು ಅವೇ. ಅನಂತ ಪೈ ಅವರ ‘ಕೃಷ್ಣ’ ಬಂದದ್ದು ಹನ್ನೊಂದನೆಯದಾಗಿ.

ಇಂಥ ಪುಸ್ತಕಗಳನ್ನು ಗೆದ್ದಲಿನಿಂದ, ಹಳೇ ಪೇಪರಿನವನಿಂದ ಕಾಪಾಡುವುದು ಹೇಗೆ? ಮನೆಯಲ್ಲಿ ಮೂಲೆ ಸೇರಿರುವ ಹಳೆಯ ಕಂಪ್ಯೂಟರೇ ಸಾಕು. ಒಂದು ಸಂಚಿಕೆ ಸುಮಾರು 50 ಎಂ.ಬಿ. ಎಂದಿಟ್ಟುಕೊಂಡರೂ ಸಾವಿರ ಸಂಚಿಕೆಗೆ 50 ಜಿ.ಬಿ. ಜಾಗವಾದರೆ ಆಯಿತು.

ಚಿತ್ರಕಥೆಗಳನ್ನು ಪಟ್ಟಿ ಮಾಡಿ, ಬೇಕಾದ ಸಂಚಿಕೆಯನ್ನು ಹುಡುಕಿ ಇಳಿಸಿಕೊಂಡು, ಹೆಸರು ತಿದ್ದಿ ಕಪಾಟಿಗೆ ಸೇರಿಸುವ ಉಚಿತ ತಂತ್ರಾಂಶಗಳಿವೆ. ಕಪೋವಾರ್ ಒಂದು, ಮೈಲಾರ್ ಮತ್ತೊಂದು. ನಮ್ಮ ಮೈಲಾರಲಿಂಗನಿಗೂ ಇದಕ್ಕೂ ಸಂಬಂಧವಿಲ್ಲ. ಸಂಗ್ರಾಹಕರು ಪುಸ್ತಕಕ್ಕೆ ಹೊದಿಸುವ ಪಾರದರ್ಶಕ ಹಾಳೆಗೂ ಮೈಲಾರ್ ಎಂದೇ ಹೆಸರು. ಇವನ್ನು ಸಾಮಾನ್ಯವಾಗಿ ‘ಕಂಟೇನರ್’ ಒಳಗೆ ನಡೆಸುತ್ತಾರೆ.

ಕಂಟೇನರ್ ಎಂದರೇನು? ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಒಂದೇ ಕಡೆ ಕಟ್ಟಿಟ್ಟ ಗಂಟು. 2013ರಲ್ಲಿ ಹೊರಬಂದ ಡಾಕರ್ ಈ ಪದ್ಧತಿಯನ್ನು ಎಲ್ಲೆಡೆ ರೂಢಿಗೆ ತಂದಿತು. ಗಂಟು ಬಿಚ್ಚಿದರೆ ಕೆಲಸ ಶುರು, ಬೇಡವಾದರೆ ಎಸೆಯಬಹುದು. ಕಂಪ್ಯೂಟರಿನ ಉಳಿದ ಭಾಗ ಕೆಡುವುದಿಲ್ಲ. ಹೊಸ ಆವೃತ್ತಿ ಬಂದಾಗ ಹಳೆಯ ಕಂಟೇನರನ್ನು ತೆಗೆದು ಹೊಸದನ್ನು ಕೂರಿಸುವುದೇ ಕ್ರಮ.

ನಾನು ಎಡವಿದ್ದು ಇಲ್ಲೇ. ನಮ್ಮ ಮನೆಯ ಟ್ರಂಕಿನ ಪುಸ್ತಕಗಳನ್ನೆಲ್ಲ ಒಂದು ಬೇಸಿಗೆ ಪೂರ್ತಿ ಕೂತು ಸ್ಕ್ಯಾನ್ ಮಾಡಿದೆ. ಪುಟಗಳು ಕಂಟೇನರಿನ ಒಳಗೇ ಉಳಿದಿದ್ದವು. ನನಗೆ ಅದು ತಿಳಿಯಲಿಲ್ಲ. ಇನ್ನೇನು, ಎಲ್ಲ ಭದ್ರವಾಯಿತಲ್ಲ ಎಂದು ಗೆದ್ದಲು ಹಿಡಿದ ಪ್ರತಿಗಳನ್ನು ತೂಕಕ್ಕೆ ಹಾಕಿಬಿಟ್ಟೆ. ತಿಂಗಳು ಕಳೆದು ಹೊಸ ಆವೃತ್ತಿ ಹಾಕಿದೆ. ಕಪಾಟು ಖಾಲಿ! ನನ್ನ ಅಣ್ಣ ಬಾಲ್ಯದಲ್ಲಿ ಪುಟದ ಅಂಚಿಗೆ ಬರೆದಿದ್ದ ತನ್ನ ಹೆಸರೂ ಅದರೊಂದಿಗೆ ಹೋಯಿತು. ಅಣ್ಣ ಈಗಿಲ್ಲ.

ಕಣದಲ್ಲಿ ರಾಗಿ ಒಕ್ಕಣೆಗೆ ಯಂತ್ರ ಬರುತ್ತದೆ, ಕೆಲಸ ಮುಗಿಸಿ ಹೋಗುತ್ತದೆ. ರಾಗಿಯನ್ನು ಯಂತ್ರದೊಳಗೇ ಬಿಟ್ಟು ಯಾರಾದರೂ ಮನೆಗೆ ಹೋಗಿ ಮಲಗುತ್ತಾರೆಯೇ? ಕಂಟೇನರೂ ಹಾಗೆಯೇ. ಕಾಳು ಹೊರಗೆ, ನಮ್ಮ ಕಣಜದಲ್ಲಿ ಇರಬೇಕು.

ಆದ್ದರಿಂದ ಈ ನಾಲ್ಕು ಮಾತುಗಳನ್ನು ದಯವಿಟ್ಟು ಗಮನದಲ್ಲಿಡಿ.

ಮೊದಲನೆಯದು, ಕಂಟೇನರನ್ನು ಹೂಡುವಾಗಲೇ ಒಳಗಿನ ಫೋಲ್ಡರುಗಳನ್ನು ಕಂಪ್ಯೂಟರಿನ ಡಿಸ್ಕಿನ ಫೋಲ್ಡರುಗಳಿಗೆ ಜೋಡಿಸಿ. ಇದಕ್ಕೆ ‘ವಾಲ್ಯೂಮ್’ ಎನ್ನುತ್ತಾರೆ. ಪುಸ್ತಕಗಳಿಗೆ ಒಂದು, ಇಳಿಸಿಕೊಂಡ ಕಡತಗಳಿಗೆ ಒಂದು, ತಂತ್ರಾಂಶದ ಲೆಕ್ಕಪತ್ರಕ್ಕೆ ಮತ್ತೊಂದು. ಆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಕಂಟೇನರಿಗೆ ಇರಲಿ. ಒಂದೇ ಒಂದು ಪುಸ್ತಕ ಹಾಕಿ, ಕಂಟೇನರನ್ನು ಬೇಕೆಂದೇ ಅಳಿಸಿ, ಮತ್ತೆ ಹೂಡಿ ನೋಡಿ. ಪುಸ್ತಕ ಇದ್ದರೆ ಮುಂದುವರಿಯಿರಿ.

ಎರಡನೆಯದು, ವಾಲ್ಯೂಮ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಕರೆಂಟು ಹೋಗಿ ಬರುವ ಊರು ನಮ್ಮದು, ಡಿಸ್ಕು ಕೆಡಬಹುದು. ಇನ್ನೊಂದು ಡಿಸ್ಕಿಗೆ ನಕಲು ತೆಗೆದು ಬೇರೆ ಮನೆಯಲ್ಲಿಡಿ.

ಮೂರನೆಯದು, ಸ್ವಂತ ಪ್ರತಿಗಳನ್ನು ಸ್ಕ್ಯಾನ್ ಮಾಡುವಾಗ ಪುಟಗಳಿಗೆ 001, 002 ಎಂದು ಸೊನ್ನೆ ಸೇರಿಸಿ ಹೆಸರಿಡಿ. ಇಲ್ಲದಿದ್ದರೆ ಎಷ್ಟೋ ಸಲ 1 ಆದ ಮೇಲೆ 10 ಬಂದು ಕಥೆ ತಲೆಕೆಳಗಾಗುತ್ತದೆ. ಚಿತ್ರಗಳನ್ನೆಲ್ಲ ಜಿಪ್ ಮಾಡಿ ಕೊನೆಯಲ್ಲಿ ಸಿ.ಬಿ.ಜೆಡ್. ಎಂದು ಬದಲಿಸಿದರೆ ಪುಸ್ತಕ ಸಿದ್ಧ. ಇಂಥ ತಂತ್ರಾಂಶಗಳು ಕಾಮಿಕ್ ವೈನ್ ಎಂಬ ಪಟ್ಟಿಯನ್ನು ನೋಡಿ ವಿವರ ತುಂಬುತ್ತವೆ. ಕನ್ನಡದ ಪುಸ್ತಕಕ್ಕೆ ಅಲ್ಲಿ ಹೊಂದಿಕೆ ಸಿಗದಿದ್ದರೆ ಹೆಸರು, ವರ್ಷ, ಚಿತ್ರಕಾರರ ವಿವರವನ್ನು ನೀವೇ ಕನ್ನಡದಲ್ಲಿ ಬರೆದಿಡಿ.

ನಾಲ್ಕನೆಯದು ಬಹಳ ಮುಖ್ಯ. ಯಂತ್ರ ಹುಡುಕಿ ತಂದುಕೊಟ್ಟಿತು ಎಂದಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿದಿರುತ್ತದೆ. ಅನುಮತಿಯಿಲ್ಲದೆ ಹಂಚುವ ತಾಣಗಳನ್ನು ತಂತ್ರಾಂಶಕ್ಕೆ ತೋರಿಸಬೇಡಿ. ಹಣ ಕೊಟ್ಟು ಪಡೆದದ್ದು, ಹಕ್ಕು ಮುಗಿದದ್ದು ಇಷ್ಟೇ ಇರಲಿ. ಹಕ್ಕು ಮುಗಿದ ಹಳೆಯ ಅಮೆರಿಕನ್ ಚಿತ್ರಕಥೆಗಳು ಡಿಜಿಟಲ್ ಕಾಮಿಕ್ ಮ್ಯೂಸಿಯಂನಲ್ಲಿ ಉಚಿತವಾಗಿ ಸಿಗುತ್ತವೆ. ಹಾಗೆಯೇ ನಿಮ್ಮ ಭಂಡಾರದ ಬಾಗಿಲನ್ನು ಮನೆಯ ಜಾಲಕ್ಕಷ್ಟೇ ತೆರೆದಿಡಿ, ಹೊರಜಗತ್ತಿಗೆ ಬೇಡ.

ಈ ಭಾನುವಾರ ಬಿಡುವು ಮಾಡಿಕೊಂಡು ಅಟ್ಟ ಹತ್ತಿ. ಟ್ರಂಕು ತೆರೆಯಿರಿ. ಸ್ಕ್ಯಾನ್ ಮಾಡಿದ ಮೇಲೂ ಕಾಗದದ ಪ್ರತಿಯನ್ನು ಮಾತ್ರ ತೂಕಕ್ಕೆ ಹಾಕಬೇಡಿ. ಅಂಚಿನಲ್ಲಿ ಯಾರ ಹೆಸರಿದೆಯೋ, ಅದು ಎಲ್ಲಿಂದಲೂ ಇಳಿಸಿಕೊಳ್ಳಲು ಸಿಗುವುದಲ್ಲ.