ಎತ್ತರದ ಕೆಲಸ: ಐದು ನಿಮಿಷದ ಮಾತು ಬೇಡ



ಮುಂಬಯಿಯಲ್ಲಿ ಮಳೆ ನಿಂತಿತೆಂದರೆ ಸೊಸೈಟಿಗಳಿಗೆ ಬಣ್ಣ ಬಳಿಯುವ, ಬಿರುಕು ಮುಚ್ಚುವ ಕಾಲ. ಅಂಧೇರಿಯಿಂದ ಮುಲುಂಡದವರೆಗೆ ಕಟ್ಟಡಗಳ ಸುತ್ತ ಬಿದಿರಿನ ಸಾರ್ವೆ, ಇಲ್ಲಿಯವರು ಪರಾಂಚಿ ಎನ್ನುತ್ತಾರಲ್ಲ, ಅದು ಏಳುತ್ತದೆ.

ಒಮ್ಮೆ ನಮ್ಮ ಮನೆಗೆ ಎಸಿ ಜೋಡಿಸಲು ಬಂದ ಹುಡುಗ ನಾಲ್ಕನೇ ಮಾಳಿಗೆಯ ಕಿಟಕಿ ದಾಟಿ ಬರೀ ಸಜ್ಜಾದ ಮೇಲೆ ನಿಂತ. ಕಲಬುರ್ಗಿ ಕಡೆಯವನು. "ತಮ್ಮಾ, ಬೆಲ್ಟ್ ಎಲ್ಲಿ?" ಎಂದೆ. "ಐದ ಮಿನಿಟಿನ ಕೆಲಸ ಅದರಿ ಕಾಕಾ" ಎಂದ. ಒಳಗೆ ಕರೆದೆ. ಅವನಿಗೆ ಸಿಟ್ಟು ಬಂತು. ಆ ದಿನದ ಕೂಲಿ ಹೋಗುತ್ತದೆಂಬ ಭಯ. ಕೂಲಿ ಕೊಟ್ಟು, ನಾಳೆ ಬೆಲ್ಟ್ ತಗೊಂಡು ಬಾ ಎಂದೆ. ನಮಗಾದ ನಷ್ಟ ಒಂದು ರಾತ್ರಿಯ ಸೆಕೆ, ಅಷ್ಟೇ.

ಬೀಳುವುದಕ್ಕೆ ಐದು ನಿಮಿಷ ಬೇಡ. ಎರಡು ಮಾಳಿಗೆಯ ಎತ್ತರ, ಎಂದರೆ ಸುಮಾರು 6 ಮೀಟರಿನಿಂದ ಬಿದ್ದವನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ನೆಲಕ್ಕೆ ಬರುತ್ತಾನೆ. ಆಗ ಅವನ ವೇಗ ಗಂಟೆಗೆ 39 ಕಿಲೋಮೀಟರ್. ಕೈ ಚಾಚಿ ಏನನ್ನಾದರೂ ಹಿಡಿಯಲು ಸಮಯವೇ ಇಲ್ಲ.

2023ರ ಸೆಪ್ಟೆಂಬರ್ 10ರಂದು ಠಾಣೆಯ ಬಾಳ್ಕುಮ್‌ನಲ್ಲಿ 40 ಮಾಳಿಗೆಯ ಕಟ್ಟಡದ ಕೆಲಸದ ಲಿಫ್ಟ್ ಕುಸಿದು 7 ಮಂದಿ ಕಾರ್ಮಿಕರು ಸತ್ತರು. ಇಂಥ ದೊಡ್ಡ ಅಪಘಾತ ಪತ್ರಿಕೆಗೆ ಬರುತ್ತದೆ. ಏಣಿಯಿಂದ ಬಿದ್ದ ಒಬ್ಬನ ಸುದ್ದಿ ಎಷ್ಟೋ ಸಲ ಅವನ ಮನೆಯವರಿಗೆ ಮಾತ್ರ.

ಕಾನೂನು ಇಲ್ಲವೆಂದಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗೆ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಆದರೆ ನಿಮ್ಮ ಕಿಟಕಿಯ ಹೊರಗೆ ನಿಂತ ಇಬ್ಬರು ಹುಡುಗರನ್ನು ಆ ಕ್ಷಣ ನೋಡುವವರು ನೀವೊಬ್ಬರೇ.

ಹಾಗಾಗಿ ನೀವು ಸೊಸೈಟಿಯ ಸೆಕ್ರೆಟರಿಯಾಗಿರಲಿ, ಬೋರ್ಡು ಕಟ್ಟಿಸುವ ಹೋಟೆಲಿನವರಾಗಿರಲಿ, ಸ್ವತಃ ಏಣಿ ಹತ್ತುವವರಾಗಿರಲಿ, ಇಷ್ಟನ್ನು ನೆನಪಿಡಿ.

ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಬೇಡ. ಬಿದ್ದಾಗ ಅದೇ ಬೆನ್ನು ಮುರಿಯಬಹುದು. ಭುಜ, ಎದೆ, ತೊಡೆ ಸೇರಿಸಿ ಹಿಡಿಯುವ ಪೂರ್ಣ ಬೆಲ್ಟ್ ಬೇಕು. ಅದರ ಕೊಕ್ಕೆಯನ್ನು ಡ್ರೈನೇಜ್ ಪೈಪಿಗೋ ಕಿಟಕಿಯ ಗ್ರಿಲ್ಲಿಗೋ ಸಿಕ್ಕಿಸಬೇಡಿ. ತಲೆಗಿಂತ ಮೇಲೆ, ಗಟ್ಟಿ ಕಂಬ ಇಲ್ಲವೆ ತೊಲೆಗೆ ಸಿಕ್ಕಿಸಿ. ಕಾಲ ಬಳಿ ಸಿಕ್ಕಿಸಿದರೆ ಹಗ್ಗ ಎಳೆದು ಹಿಡಿಯುವ ಮೊದಲೇ ದೇಹ ಬಹಳ ದೂರ ಬಿದ್ದಿರುತ್ತದೆ.

ಏಣಿ ನಾಲ್ಕು ಅಡಿ ಎತ್ತರಕ್ಕೆ ಒರಗಿದರೆ ಬುಡ ಗೋಡೆಯಿಂದ ಒಂದು ಅಡಿ ದೂರವಿರಲಿ. ಹತ್ತುವಾಗ ಎರಡು ಕೈ, ಎರಡು ಕಾಲಲ್ಲಿ ಮೂರಾದರೂ ಏಣಿಯನ್ನು ಬಿಡದಿರಲಿ.

ಮಳೆಗೆ ಮುಂಚೆ ಚಾಳ್, ಗಾಳಾಗಳ ಮೇಲೆ ತಾಡಪತ್ರಿ ಹೊದಿಸುವವರೇ, ಹಳೆಯ ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ. ನೋಡಲು ಗಟ್ಟಿ, ತುಳಿದರೆ ಹಪ್ಪಳ. ಕೆಳಗಿನ ಅಡ್ಡ ತೊಲೆಗಳಿಗೆ ಆನುವಂತೆ ಹಲಗೆ ಹಾಸಿ, ಅದರ ಮೇಲೇ ಸರಿಯಿರಿ. ಮಳೆಯಲ್ಲಿ ನೆಂದ ಸಾರ್ವೆಯ ಬಿದಿರು, ಹಗ್ಗಗಳನ್ನು ಮತ್ತೆ ನೋಡದೆ ಹತ್ತಬೇಡಿ.

ಇನ್ನೊಂದು ಮಾತು. ಬೆಲ್ಟ್ ಹಿಡಿದುಕೊಂಡಿತು, ಬದುಕಿದ ಎಂದು ಸುಮ್ಮನಿರಬಾರದು. ಅಲುಗಾಡದೆ ತೂಗುತ್ತಿರುವವನ ರಕ್ತ ಕಾಲಿಗೆ ಇಳಿದು, ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ಕಾಲು ಆಡಿಸುತ್ತಿರಲು ಹೇಳಿ, ಬೇಗ ಇಳಿಸಿ. ಯಾರು, ಹೇಗೆ ಇಳಿಸುವುದೆಂದು ಕೆಲಸಕ್ಕೆ ಮೊದಲೇ ಗೊತ್ತಿರಲಿ. ಅಗ್ನಿಶಾಮಕದಳಕ್ಕೆ 101, ಆಂಬುಲೆನ್ಸಿಗೆ 108.

ಮುಂದಿನ ಸಲ ಯಾರಾದರೂ ನಿಮ್ಮ ಕಿಟಕಿ ದಾಟಿ ಹೊರಗೆ ಕಾಲಿಡುವಾಗ ಒಂದೇ ಪ್ರಶ್ನೆ ಕೇಳಿ: "ಬೆಲ್ಟ್ ಎಲ್ಲಿ?" ಊರಲ್ಲಿ ಅವನ ಫೋನಿಗೆ ಕಾಯುವ ತಾಯಿಯೊಬ್ಬಳಿದ್ದಾಳೆ. ಆಕೆಯ ಪರವಾಗಿ ಕೇಳಿ.